ರೋಗಿಯ ಪಕ್ಕದಲ್ಲಿ ಕೂತವರ ಕೈಗಳು

ಮನೆಯಲ್ಲಿ ಯಾರನ್ನಾದರೂ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಾಗ ನೀವು ಚೀಲಕ್ಕೆ ಏನೇನು ತುಂಬುತ್ತೀರಿ? ಫ್ಲಾಸ್ಕ್, ತಟ್ಟೆ, ಎರಡು ಬೆಡ್‍ಶೀಟ್, ಮುಸಲ್ಲಾ, ತಸ್ಬೀಹ್, ಯಾರೋ ಹಜ್ಜಿನಿಂದ ತಂದುಕೊಟ್ಟ ಝಮ್‍ಝಮ್‍ನ ಪುಟ್ಟ ಬಾಟಲಿ, ಮೊಬೈಲ್ ಚಾರ್ಜರ್. ನಾನೂ ಹಾಗೆಯೇ ತುಂಬಿದ್ದೆ. ಎರಡು ವರ್ಷಗಳ ಹಿಂದಿನ ಚಳಿಗಾಲದಲ್ಲಿ ನನ್ನ ಅತ್ತೆ ಸಿದ್ದಾಪುರ ಕಡೆಯ ನಮ್ಮ ಹಳೆ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆ ಗಡಿಬಿಡಿಯಲ್ಲೂ ನಾನು ಉಪ್ಪಿನಕಾಯಿ ಭರಣಿಯನ್ನು ಮರೆಯಲಿಲ್ಲ. ಮರೆತದ್ದು ಸಾಬೂನು.

ನರ್ಸಿಂಗ್ ಹೋಂ ಎಂದ ಮೇಲೆ ಅಲ್ಲಿ ಸಾಬೂನು ಇರುವುದಿಲ್ಲವೇ ಎಂದು ನೀವು ಕೇಳಬಹುದು. ನಾವು ಹೋದಲ್ಲಿ ಇರಲಿಲ್ಲ. ಓಣಿಯ ಕೊನೆಯಲ್ಲಿ ಒಂದು ಬೇಸಿನ್, ಅದರ ಮೇಲೆ ಖಾಲಿ ಸಾಬೂನು ಪೆಟ್ಟಿಗೆ, ಪಕ್ಕದ ಮೊಳೆಗೆ ಎಷ್ಟೋ ಜನ ಒರೆಸಿ ಒರೆಸಿ ಬಣ್ಣಗೆಟ್ಟ ಒಂದು ಟವೆಲ್. ಗೋಡೆಯಲ್ಲಿ ಕೊರೋನ ಕಾಲದ ಸ್ಯಾನಿಟೈಸರ್ ಸ್ಟ್ಯಾಂಡ್ ಮಾತ್ರ ಇತ್ತು, ಬಾಟಲಿಯೊಳಗೆ ಹನಿಯೂ ಇರಲಿಲ್ಲ. 2020ರಲ್ಲಿ ಕಿರಾಣಿ ಅಂಗಡಿಯ ಬಾಗಿಲಲ್ಲೂ ಕೈಗೆ ಸುರಿಯುತ್ತಿದ್ದ ಆ ನೀರು ರೋಗಿಗಳಿರುವಲ್ಲೇ ಬತ್ತಿಹೋಗಿತ್ತು. ಎಲ್ಲ ಆಸ್ಪತ್ರೆಗಳೂ ಹೀಗಿವೆ ಎಂದು ನಾನು ಹೇಳುವುದಿಲ್ಲ. ನೀವು ಹೋಗುವಲ್ಲಿ ಎಲ್ಲವೂ ಸರಿಯಾಗಿರಬಹುದು, ಇರಲಿ ಎಂದೇ ದುಆ. ಆದರೆ ಚೀಲದಲ್ಲಿ ಸಾಬೂನು ಇಟ್ಟುಕೊಂಡರೆ ನಷ್ಟವೇನಿಲ್ಲವಲ್ಲ!

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮೂತ್ರಕ್ಕೆ ನಳಿಕೆ ಹಾಕಿ ಚೀಲ ತೂಗುಬಿಟ್ಟಿದ್ದರು. ಕೈಗೆ ಡ್ರಿಪ್ ಸೂಜಿ ಇತ್ತು. ಐದನೆಯ ದಿನ ರಾತ್ರಿ ಅತ್ತೆ ಇದ್ದಕ್ಕಿದ್ದಂತೆ ಏನೇನೋ ಮಾತನಾಡತೊಡಗಿದರು. ತೀರಿಹೋದ ತಮ್ಮ ಅಣ್ಣನನ್ನು ಹೆಸರು ಹಿಡಿದು ಕರೆದರು. ದನ ತೋಟಕ್ಕೆ ನುಗ್ಗಿದೆ, ಓಡಿಸಿ ಎಂದು ನನ್ನನ್ನು ಗದರಿದರು. ನನ್ನ ಗುರುತೇ ಅವರಿಗೆ ಸಿಗಲಿಲ್ಲ. ನೋಡಲು ಬಂದಿದ್ದ ಹಿರಿಯರೊಬ್ಬರು, ಬಚ್ಚಲಲ್ಲಿ ಬಿದ್ದವರಲ್ಲವೇ, ಏನೋ ಸೋಕಿರಬೇಕು, ಊದಿಸಿಕೊಂಡು ಬನ್ನಿ ಎಂದರು. ಇನ್ನೊಬ್ಬರು ತಾಯಿತಕ್ಕೆ ಹೇಳಿಯೂ ಬಿಟ್ಟರು. ಬೆಳಿಗ್ಗೆ ಬಂದ ಡಾಕ್ಟರು ಮಾತ್ರ ಒಂದೇ ಮಾತು ಹೇಳಿದರು: ಮೂತ್ರ ಪರೀಕ್ಷೆಗೆ ಕಳಿಸಿ. ಮೂತ್ರದಲ್ಲಿ ಸೋಂಕಿತ್ತು. ವಯಸ್ಸಾದವರಿಗೆ ಸೋಂಕು ತಗುಲಿದಾಗ ಕೆಲವೊಮ್ಮೆ ಜ್ವರವೂ ಬಾರದೆ ನೇರವಾಗಿ ಬುದ್ಧಿಗೇ ಮಂಕು ಕವಿಯುತ್ತದೆ. ಈ ಒಂದು ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಿನ್ನೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದ ಹಿರಿಯರು ಇಂದು ಅಡ್ಡಾದಿಡ್ಡಿ ಮಾತನಾಡಿದರೆ ಅದಕ್ಕೆ ಮೊದಲು ಬೇಕಾದದ್ದು ಡಾಕ್ಟರ ಪರೀಕ್ಷೆ. ದುಆ ಜೊತೆಯಲ್ಲೇ ನಡೆಯಲಿ, ಯಾರು ಬೇಡವೆಂದರು?

ಆ ಸೋಂಕು ಎಲ್ಲಿಂದ ಬಂತು? ಖಚಿತವಾಗಿ ಯಾರೂ ಹೇಳಲಾರರು. ಆದರೆ ನನಗೆ ನನ್ನದೇ ಕೈಗಳು ಕಣ್ಣ ಮುಂದೆ ಬಂದವು. ಮೂತ್ರದ ಚೀಲವನ್ನು ಖಾಲಿ ಮಾಡುತ್ತಿದ್ದವಳು ನಾನು. ಆಯಾ ಬರುವುದು ತಡವಾಗುತ್ತದೆಂದು ನಾನೇ ಅದನ್ನು ಕಲಿತುಕೊಂಡಿದ್ದೆ. ಬೆಡ್‍ಪ್ಯಾನ್ ಇಡುತ್ತಿದ್ದವಳೂ ನಾನೇ. ಕೈಗೆ ಒಂದಿಷ್ಟು ನೀರು ಸುರಿದುಕೊಂಡು ದುಪಟ್ಟಾಗೆ ಒರೆಸಿ ಮತ್ತೆ ಚೀಲದ ಮುಚ್ಚಳ, ಹಾಸಿಗೆ, ಅವರ ಬಾಯಿಗೆ ಗಂಜಿ. ಹಾಸಿಗೆ ಬದಲಿಸುವಾಗ ಚೀಲವನ್ನು ಎತ್ತಿ ಅವರ ಹೊಟ್ಟೆಯ ಮೇಲೆ ಇಟ್ಟದ್ದೂ ಉಂಟು. ಹಾಗೆ ಎತ್ತಿದಾಗ ಚೀಲದಲ್ಲಿನ ಮೂತ್ರ ಹಿಂದಕ್ಕೆ ಹರಿಯುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ.

ನಳಿಕೆ ಹಾಕಿದ ರೋಗಿ ನಿಮ್ಮ ಪಾಲಿಗೆ ಬಂದರೆ ಇಷ್ಟನ್ನು ತಿಳಿದಿರಿ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇರಬೇಕು, ಆದರೆ ನೆಲಕ್ಕೆ ತಾಗಬಾರದು. ಚೀಲ ಖಾಲಿ ಮಾಡುವ ಮೊದಲೂ ನಂತರವೂ ಕೈ ತೊಳೆಯಬೇಕು. ಮೊದಲೇಕೆ ಎಂದರೆ ರೋಗಿಗಾಗಿ, ನಂತರವೇಕೆ ಎಂದರೆ ನಿಮಗಾಗಿ ಮತ್ತು ಪಕ್ಕದ ಹಾಸಿಗೆಯವರಿಗಾಗಿ. ಒಬ್ಬ ರೋಗಿಗೆ ಬಳಸಿದ ಪಾತ್ರೆ ಇನ್ನೊಬ್ಬರಿಗೆ ಬೇಡ. ಚೀಲದ ಬಾಯಿ ಪಾತ್ರೆಗೆ ತಾಗಬಾರದು. ನಳಿಕೆ ಮತ್ತು ಚೀಲ ಸೇರುವ ಜಾಗವನ್ನು ಬಿಚ್ಚಲು ಹೋಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಡಾಕ್ಟರು ರೌಂಡ್ಸಿಗೆ ಬಂದಾಗ ಪ್ರತಿದಿನ ಕೇಳಿ: ಈ ನಳಿಕೆ ಇವತ್ತು ತೆಗೆಯಬಹುದೇ? ಒಳಗಿದ್ದ ಒಂದೊಂದು ದಿನವೂ ಸೋಂಕಿನ ಅಪಾಯವನ್ನು ಹೆಚ್ಚಿಸುತ್ತದೆ. ಮಂಚದಿಂದ ಇಳಿಸಿ ಶೌಚಕ್ಕೆ ಕರೆದೊಯ್ಯುವ ಕಷ್ಟ ತಪ್ಪಿತೆಂದು ನಾವು ಸುಮ್ಮನಿರುತ್ತೇವೆ, ಅವರೂ ಮರೆಯುತ್ತಾರೆ.

ನಮ್ಮ ಪಕ್ಕದ ಹಾಸಿಗೆಯಲ್ಲಿ ಯಲ್ಲಾಪುರ ಕಡೆಯ ಒಬ್ಬ ಸಿದ್ದಿ ಹುಡುಗಿ ಇದ್ದಳು, ಹೊಟ್ಟೆಯ ಆಪರೇಷನ್ ಆಗಿತ್ತು. ಜೊತೆಗೆ ಅವಳ ತಾಯಿ. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವ ಹೆಂಗಸು. ಅಡಿಕೆಯ ಕಲೆ ಹಿಡಿದ ಕೈ ಹೇಗಿರುತ್ತದೆಂದು ನಮ್ಮ ಮೂರೂ ತಾಲೂಕಿನ ಓದುಗರಿಗೆ ನಾನು ಹೇಳಬೇಕಿಲ್ಲ. ಬೆರಳ ಸಂದು, ಉಗುರ ಸುತ್ತ ಕಪ್ಪು. ವಾರಗಟ್ಟಲೆ ತಿಕ್ಕಿದರೂ ಹೋಗದು. ನೋಡಲು ಬಂದ ನಮ್ಮ ನೆಂಟರು ಆ ಕೈಗಳನ್ನು ನೋಡಿ ಸ್ವಲ್ಪ ದೂರವೇ ಕುಳಿತರು. ಆದರೆ ಆಕೆ ಮೊದಲ ದಿನವೇ ಹಳೆಯ ನೈಲಾನ್ ಬಲೆಯ ಚೂರಿನಲ್ಲಿ ಒಂದು ತುಂಡು ಸಾಬೂನು ಕಟ್ಟಿ ಬೇಸಿನ್ನಿನ ನಲ್ಲಿಗೆ ತೂಗುಬಿಟ್ಟಿದ್ದಳು. ಮಗಳನ್ನು ಮುಟ್ಟುವ ಮೊದಲು ತೊಳೆಯುವಳು, ಮುಟ್ಟಿದ ಮೇಲೆ ತೊಳೆಯುವಳು. ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಹೋಗುತ್ತಿದ್ದಾಗ ಕಲಿತೆ ಎಂದಳು. ನನ್ನ ಕೈಗಳು ಬೆಳ್ಳಗೆ ಮೆಹಂದಿ ಹಚ್ಚಿಕೊಂಡು ಚೆಂದಾಗಿದ್ದವು. ಯಾರ ಕೈ ಸ್ವಚ್ಛವಾಗಿತ್ತೆಂದು ನೀವೇ ಹೇಳಿ. ಅಡಿಕೆಯ ಕಲೆ ಕೊಳಕಲ್ಲ, ಅದು ಬಣ್ಣ. ಕೊಳಕು ಕಣ್ಣಿಗೆ ಕಾಣುವುದೇ ಇಲ್ಲ. ಐದನೆಯ ದಿನದಿಂದ ನಾವಿಬ್ಬರೂ ಅದೇ ಸಾಬೂನು ಬಳಸಿದೆವು. ಅದು ಸವೆದಾಗ ಇನ್ನೊಂದನ್ನು ನಾನು ಕಟ್ಟಿದೆ.

ತೂಗುಬಿಟ್ಟ ಸಾಬೂನಿಗೆ ಇನ್ನೂ ಒಂದು ಗುಣವಿದೆ. ಅದು ಒಣಗುತ್ತದೆ. ಪೆಟ್ಟಿಗೆಯ ನೀರಿನಲ್ಲಿ ನೆನೆದು ಅಂಬಲಿಯಾದ ಸಾಬೂನಿಗಿಂತ ಎಷ್ಟೋ ಮೇಲು. ದ್ರವ ಸಾಬೂನು ಇದ್ದರೆ ಇನ್ನೂ ಅನುಕೂಲ.

ಕೈ ತೊಳೆಯುವ ವಿಷಯ ಇಷ್ಟು ಸಣ್ಣದಾಗಿದ್ದರೂ ಜಗತ್ತು ಅದನ್ನು ಕಲಿತದ್ದು ತಡವಾಗಿ, ಅದೂ ಬಾಣಂತಿಯರ ಪ್ರಾಣದ ಬೆಲೆಗೆ. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ಸೂಲಗಿತ್ತಿಯರು, ಇನ್ನೊಂದರಲ್ಲಿ ಡಾಕ್ಟರರು ಮತ್ತು ವಿದ್ಯಾರ್ಥಿಗಳು. ಡಾಕ್ಟರರ ವಿಭಾಗದಲ್ಲೇ ಬಾಣಂತಿ ಜ್ವರದಿಂದ ಸಾಯುವವರು ಹೆಚ್ಚು. ಊರಿನ ಹೆಂಗಸರಿಗೆ ಅದು ಗೊತ್ತಿತ್ತು. ನನ್ನನ್ನು ಆ ಕಡೆ ಕಳಿಸಬೇಡಿ ಎಂದು ಅಂಗಲಾಚುತ್ತಿದ್ದರು. ಇಗ್ನಾಝ್ ಸೆಮ್ಮೆಲ್‍ವೈಸ್ ಎಂಬ ಯುವ ಡಾಕ್ಟರಿಗೆ ಇದರ ಗುಟ್ಟು ಹೊಳೆದದ್ದು 1847ರಲ್ಲಿ. ಹೆಣ ಕೊಯ್ದು ಪರೀಕ್ಷಿಸಿದ ಕೈಗಳೇ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದವು. ಮೇ ತಿಂಗಳಿನಿಂದ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಅವರು ಕಟ್ಟುನಿಟ್ಟು ಮಾಡಿದರು. ಏಪ್ರಿಲ್‍ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಎರಡರ ಆಸುಪಾಸಿಗೆ ಇಳಿಯಿತು. ಆದರೂ ದೊಡ್ಡ ಡಾಕ್ಟರರಿಗೆ ತಮ್ಮ ಕೈಯೇ ಕೊಲ್ಲುತ್ತಿದೆ ಎಂಬ ಮಾತು ಸಹನೆಯಾಗಲಿಲ್ಲ. 1865ರಲ್ಲಿ, 47ರ ಪ್ರಾಯದಲ್ಲಿ, ಸೆಮ್ಮೆಲ್‍ವೈಸ್ ಹುಚ್ಚಾಸ್ಪತ್ರೆಯೊಂದರಲ್ಲಿ ತೀರಿಹೋದರು.

ಆ ಮುಜುಗರ ಇಂದಿಗೂ ಹೋಗಿಲ್ಲ. ಜಿನೇವಾದ ಆಸ್ಪತ್ರೆಯಲ್ಲಿ 1994ರಲ್ಲಿ ಲೆಕ್ಕ ಹಾಕಿದಾಗ ಕೈ ಶುಚಿಗೊಳಿಸಬೇಕಾದ ನೂರು ಸಂದರ್ಭಗಳಲ್ಲಿ ಸಿಬ್ಬಂದಿ ಶುಚಿಗೊಳಿಸಿದ್ದು 48ರಲ್ಲಿ ಮಾತ್ರ. ಹಾಸಿಗೆ ಹಾಸಿಗೆಗೂ ಕೈಗೆ ಉಜ್ಜುವ ದ್ರಾವಣ ಒದಗಿಸಿ, ಎಲ್ಲರನ್ನೂ ಎಚ್ಚರಿಸುತ್ತಾ ಬಂದಾಗ 1997ರ ಹೊತ್ತಿಗೆ ಅದು 66ಕ್ಕೆ ಏರಿತು. ಆಸ್ಪತ್ರೆಯಲ್ಲೇ ತಗಲುವ ಸೋಂಕು ಅದರ ಜೊತೆಜೊತೆಗೆ ಇಳಿಯಿತು. ನಮ್ಮಂತಹ ದೇಶಗಳ ಸ್ಥಿತಿ? ತೀವ್ರ ಚಿಕಿತ್ಸೆಗೆ ಆಸ್ಪತ್ರೆಗೆ ಸೇರಿದ ಪ್ರತಿ ನೂರು ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿಗೆ ಅಲ್ಲಿಯೇ ಒಂದು ಹೊಸ ಸೋಂಕು ಅಂಟುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಆ ಸೋಂಕಿನ ಅರ್ಥವೇನು? ಮತ್ತೆ ಹತ್ತು ದಿನ ಹಾಸಿಗೆ, ದುಬಾರಿ ಇಂಜೆಕ್ಷನ್, ಇಲ್ಲಿ ಆಗದಿದ್ದರೆ ರಾತ್ರೋರಾತ್ರಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಆಂಬುಲೆನ್ಸ್. ಮನೆಯ ಹೆಣ್ಣುಮಕ್ಕಳ ಬಳೆ ಬ್ಯಾಂಕಿಗೆ ಹೋಗುವುದು ಹೀಗೆಯೇ.

ನಮಗೇಕೆ, ನಾವು ದಿನಕ್ಕೆ ಐದು ಸಲ ವುಝೂ ಮಾಡುವವರು ಎಂದು ನನ್ನ ನಾದಿನಿ ಹೇಳಿದಳು. ವುಝೂ ಆರಂಭವಾಗುವುದೇ ಮಣಿಕಟ್ಟಿನವರೆಗೆ ಕೈ ತೊಳೆಯುವುದರಿಂದ ಎಂಬುದು ನಿಜ. ನಿದ್ರೆಯಿಂದ ಎದ್ದವರು ಕೈ ತೊಳೆಯದೆ ನೀರಿನ ಪಾತ್ರೆಗೆ ಅದ್ದಬಾರದೆಂದು ಪ್ರವಾದಿ(ಸ) ಕಲಿಸಿದ್ದೂ ನಿಜ. ಇಂತಹ ಅಭ್ಯಾಸವಿರುವ ನಮಗೆ ಈ ಕೆಲಸ ಸುಲಭವಾಗಬೇಕಿತ್ತು. ಆದರೆ ರೋಗಾಣುವಿಗೆ ವುಝೂವಿನ ನೀರಷ್ಟೇ ಸಾಲದು, ಸಾಬೂನು ಬೇಕು, 40ರಿಂದ 60 ಸೆಕೆಂಡು ಬೇಕು. ಬೆರಳ ಸಂದು, ಹೆಬ್ಬೆರಳು, ಉಗುರ ತುದಿ, ಅಂಗೈಯ ಹಿಂಭಾಗ. ಹೆಬ್ಬೆರಳನ್ನು ಎಲ್ಲರೂ ಮರೆಯುತ್ತಾರೆ, ಬೇಕಿದ್ದರೆ ಇವತ್ತು ನಿಮ್ಮನ್ನೇ ಗಮನಿಸಿ ನೋಡಿ. ಉಂಗುರ ಮತ್ತು ಗಾಜಿನ ಬಳೆಯ ಕೆಳಗೆ ಕೊಳೆ ಕೂರುತ್ತದೆ, ರೋಗಿಯ ಬಳಿ ಇರುವಷ್ಟು ದಿನ ಅವನ್ನು ತೆಗೆದಿಡಿ. ಬುರ್ಖಾದ ತೋಳನ್ನು ಮೊಣಕೈವರೆಗೆ ಸರಿಸಿಕೊಳ್ಳಿ, ಪರದೆ ಎಳೆದರೆ ಆಯಿತು. ಮತ್ತೆ ಆ ಮಗ್ಗು! ಶೌಚಕ್ಕೆ ಬಳಸಿದ ಲೋಟಾವನ್ನೇ ಹಿಡಿದು ಕೈಗೆ ನೀರು ಸುರಿದುಕೊಂಡರೆ ತೊಳೆದ ಕೈ ಪುನಃ ಅದೇ ಹಿಡಿಕೆಗೆ ಹೋಗುತ್ತದೆ. ನಲ್ಲಿ ಇಲ್ಲದಿದ್ದರೆ ಇನ್ನೊಬ್ಬರಿಂದ ನೀರು ಹಾಕಿಸಿಕೊಳ್ಳಿ. ಒರೆಸಲು ನಿಮ್ಮದೇ ಪುಟ್ಟ ಟವೆಲ್ ಇರಲಿ, ದಿನಾ ಒಗೆದು ಒಣಗಿಸಿದ್ದು. ಒದ್ದೆ ಕೈ ಒಣಕೈಗಿಂತ ಹೆಚ್ಚು ರೋಗಾಣು ದಾಟಿಸುತ್ತದೆ.

ರೋಗಿಗಳ ವುಝೂ ಬಗ್ಗೆಯೂ ಒಂದು ಮಾತು. ಬ್ಯಾಂಡೇಜಿನ ಮೇಲೆ ನೀರು ಸುರಿಯುವ ಹಿರಿಯರನ್ನು ನಾನು ಕಂಡಿದ್ದೇನೆ. ಪಟ್ಟಿಯ ಮೇಲೆ ಮಸಹ್ ಮಾಡುವ ರಿಯಾಯಿತಿ ಇರುವಾಗ ಗಾಯವನ್ನು ನೆನೆಸುವುದೇಕೆ? ಮಸಹ್ ಕೂಡ ಬೇಡವೆಂದು ಡಾಕ್ಟರು ಹೇಳಿದರೆ ನಿಮ್ಮ ಆಲಿಮರನ್ನು ಕೇಳಿ. ತಯಮ್ಮುಮ್‍ಗೆಂದು ತಟ್ಟೆಯಲ್ಲಿ ಅಂಗಳದ ಮಣ್ಣು ತಂದು ಮಂಚದ ಮೇಲೆಯೇ ಇಡುವವರಿದ್ದಾರೆ. ಡ್ರಿಪ್ ಸೂಜಿಯ ಪಕ್ಕ, ಹೊಲಿಗೆಯ ಪಕ್ಕ ಆ ಮಣ್ಣಿನ ಧೂಳು ಒಳ್ಳೆಯದಲ್ಲ. ತೊಳೆದು ಒಣಗಿಸಿದ ಕಲ್ಲು ಸಾಕೇ, ಧೂಳು ಇರಲೇಬೇಕೇ ಎಂಬುದು ಮದ್‍ಹಬ್‍ಗೆ ತಕ್ಕಂತೆ ಬೇರೆ, ಅದನ್ನೂ ಅವರಲ್ಲೇ ಕೇಳಿ. ಗಾಯದ ಜಾಗವನ್ನು ಮುಚ್ಚಿಕೊಳ್ಳಿ, ನಮಾಝ್ ಮುಗಿದ ಮೇಲೆ ರೋಗಿಯ ಕೈ ಒರೆಸಿಬಿಡಿ.

ಸ್ಯಾನಿಟೈಸರಿನಲ್ಲಿ ಆಲ್ಕೋಹಾಲ್ ಇದೆಯಲ್ಲ ಎಂದು ಹಿಂಜರಿಯುವ ಸಹೋದರಿಯರು ಇನ್ನೂ ಇದ್ದಾರೆ. 2002ರ ಜನವರಿಯಲ್ಲಿ ಮಕ್ಕಾದಲ್ಲಿ ಸೇರಿದ್ದ ಮುಸ್ಲಿಮ್ ವರ್ಲ್ಡ್ ಲೀಗಿನ ಫಿಕ್ಹ್ ಸಭೆ ಇದನ್ನು ಚರ್ಚಿಸಿ, ಚರ್ಮವನ್ನು ಶುಚಿಗೊಳಿಸಲು, ರೋಗಾಣು ಕೊಲ್ಲಲು ಹೊರಗಿನಿಂದ ಬಳಸುವುದಕ್ಕೆ ಅಡ್ಡಿಯಿಲ್ಲವೆಂದು ಹೇಳಿದೆ. ಸೌದಿಯ ಆಸ್ಪತ್ರೆಗಳಲ್ಲಿಯೂ ಅದು ಬಳಕೆಯಲ್ಲಿದೆ. ಆಲ್ಕೋಹಾಲ್ ಶೇ. 60ಕ್ಕಿಂತ ಹೆಚ್ಚಿರುವುದನ್ನೇ ಕೊಳ್ಳಿ, ಕೈ ಒಣಗುವವರೆಗೆ 20ರಿಂದ 30 ಸೆಕೆಂಡು ಉಜ್ಜಿ. ಆದರೆ ಕೈಗೆ ಮಲ, ಮೂತ್ರ, ರಕ್ತ ತಾಗಿದ್ದರೆ, ರೋಗಿಗೆ ಭೇದಿಯಾಗುತ್ತಿದ್ದರೆ ಅದು ಸಾಲದು. ಆಗ ಸಾಬೂನು, ನೀರು. ಮತ್ತು ಬಾಟಲಿಯನ್ನು ಒಲೆಯಿಂದ, ಮಕ್ಕಳಿಂದ ದೂರವಿಡಿ.

ನಮ್ಮಲ್ಲಿ ರೋಗಿಯನ್ನು ನೋಡಲು ಹೋಗುವುದು ಪುಣ್ಯದ ಕೆಲಸ. ಒಬ್ಬರು ಬಿದ್ದರೆಂದರೆ ಜೀಪು ತುಂಬಾ ಜನ. ಅದರಲ್ಲಿ ಪ್ರೀತಿಯಿದೆ, ನಾನು ಅದನ್ನು ಕಡಿಮೆ ಎನ್ನಲಾರೆ. ಅತ್ತೆಗೆ ಅರ್ಧ ಚೈತನ್ಯ ಬಂದದ್ದೇ ಹಾಗೆ ಬಂದವರ ಮುಖ ನೋಡಿ. ಆದರೆ ಬಸ್ಸಿನ ಕಂಬಿ ಹಿಡಿದ ಕೈಯಲ್ಲೇ ಹೊಲಿಗೆಯನ್ನು ಸವರುವುದು, ಹಾಸಿಗೆಯ ಮೇಲೆಯೇ ಕೂರುವುದು, ಪಟ್ಟಿ ಎತ್ತಿ ಎಷ್ಟು ಹೊಲಿಗೆ ಎಂದು ಎಣಿಸುವುದು ಬೇಕೇ? ಹೆರಿಗೆ ವಾರ್ಡಿನಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಹಸುಗೂಸಿನ ತುಟಿಗೆ ಖರ್ಜೂರ ಸವರುವ ತಹ್‍ನೀಕ್‍ನ ಸಂಭ್ರಮದಲ್ಲಿ ಆ ಬೆರಳು ಎಲ್ಲಿತ್ತೆಂದು ಯಾರೂ ಕೇಳುವುದಿಲ್ಲ. ಸವರುವವರು ಅಜ್ಜನೇ ಇರಲಿ, ಮೌಲವಿಯವರೇ ಇರಲಿ, ಸಾಬೂನಿನಿಂದ ಕೈ ತೊಳೆದು ಸವರಲಿ. ಕೆಮ್ಮು, ಜ್ವರ ಇರುವವರಾದರೆ ಬೇರೆಯವರಿಗೆ ಬಿಟ್ಟುಕೊಡಲಿ. ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ ಡಾಕ್ಟರನ್ನು ಕೇಳದೆ ಬಾಯಿಗೆ ಏನನ್ನೂ ಹಾಕಬೇಡಿ.

ಭಯ ಪಡಬೇಕಾದಲ್ಲಿ ಪಡದೆ, ಬೇಡವಾದಲ್ಲಿ ಪಡುವುದು ನಮ್ಮ ಇನ್ನೊಂದು ಗುಣ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 2024ರ ಆರಂಭದಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಜೋರಾಗಿ ಹಬ್ಬಿ ಸಾವುಗಳೂ ಆದವು. ನಮ್ಮ ವಾರ್ಡಿಗೆ ಅದೇ ಸೀಮೆಯ ಹುಡುಗಿಯೊಬ್ಬಳು ಜ್ವರವೆಂದು ಬಂದಾಗ ಎರಡು ಹಾಸಿಗೆಯವರು ಜಾಗ ಬದಲಿಸಿ ಕೊಡಿ ಎಂದು ಗಲಾಟೆ ಮಾಡಿದರು. ಆ ಕಾಯಿಲೆ ಹರಡುವುದು ಉಣ್ಣೆಯ ಕಡಿತದಿಂದ. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಅದು ಹರಡುವುದಿಲ್ಲ. ಪಾಪ, ಆ ಹುಡುಗಿಯ ತಾಯಿ ಅಳುತ್ತಾ ಕೂತಿದ್ದಳು. ಗಲಾಟೆ ಮಾಡಿದವರಲ್ಲಿ ಒಬ್ಬರೂ ಶೌಚದಿಂದ ಬಂದು ಸಾಬೂನು ಮುಟ್ಟಿದ್ದನ್ನು ನಾನು ನೋಡಲಿಲ್ಲ.

ಇನ್ನು ಸಿಸ್ಟರ್‌ಗಳ ಕೈ. ಗ್ಲೌಸ್ ಹಾಕಿದ್ದಾರೆಂದು ನಾವು ನಿಶ್ಚಿಂತರಾಗುತ್ತೇವೆ. ಅದೇ ಗ್ಲೌಸಿನಲ್ಲಿ ಮೂರು ಹಾಸಿಗೆ ದಾಟಿದರೆ ಅದು ರಕ್ಷಿಸುವುದು ಅವರನ್ನು ಮಾತ್ರ. ಹಾಗಾದರೆ ಕೇಳುವುದು ಹೇಗೆ? ನನಗೂ ನಾಲಗೆ ಏಳಲಿಲ್ಲ. ಇಂಜೆಕ್ಷನ್ ಕೊಡುವವರು ಅವರು, ಮುನಿಸಿಕೊಂಡರೆ? ಆರನೆಯ ದಿನ ಧೈರ್ಯ ಮಾಡಿ ಸ್ಯಾನಿಟೈಸರ್ ಬಾಟಲಿಯನ್ನು ಮಂಚದ ಕಾಲಿಗೆ ಕಟ್ಟಿ, ಸಿಸ್ಟರ್, ಇದು ನಿಮಗಾಗಿಯೇ ಇಟ್ಟಿದ್ದೇನೆ, ಅತ್ತೆಗೆ ಸೋಂಕಾಗಿದೆಯಲ್ಲ ಎಂದೆ. ಆಕೆ ಸಿಟ್ಟಾಗಲಿಲ್ಲ. ರಾತ್ರಿ ಪಾಳಿಯಲ್ಲಿ ಇಡೀ ಮಹಡಿಗೆ ತಾನೊಬ್ಬಳೇ, ಪ್ರತಿ ಸಲ ಓಣಿಯ ಕೊನೆಗೆ ಹೋಗಿ ತೊಳೆದು ಬಂದರೆ ಬೆಳಗಾಗುತ್ತದೆ ಅಕ್ಕಾ ಎಂದಳು. ಅಂಗೈ ತೋರಿಸಿದಳು, ಅಗ್ಗದ ಸಾಬೂನಿಗೆ ಬಿರಿದು ಹೋಗಿತ್ತು. ತಪ್ಪು ಆ ಹುಡುಗಿಯದೆಂದು ನನಗೆ ಅನಿಸುವುದಿಲ್ಲ. ಬೇಸಿನ್, ಸಾಬೂನು, ಸಾಕಷ್ಟು ಸಿಬ್ಬಂದಿ ಇವನ್ನೆಲ್ಲ ಒದಗಿಸಬೇಕಾದವರು ಬಿಲ್ ಬರೆಯುವವರು. ಖಾಸಗಿ ಆಸ್ಪತ್ರೆಗಳೆಲ್ಲ 2007ರ ರಾಜ್ಯ ಕಾಯ್ದೆಯಂತೆ ನೋಂದಣಿಯಾಗಿರಬೇಕು. ಗಂಭೀರ ದೂರಿದ್ದರೆ ಜಿಲ್ಲಾಧಿಕಾರಿಗಳ ನೇತೃತ್ವದ ಜಿಲ್ಲಾ ಪ್ರಾಧಿಕಾರಕ್ಕೆ ಕಾರವಾರಕ್ಕೆ ಬರೆಯಬಹುದು. ಮೊದಲು ಆಡಳಿತದವರಿಗೆ ಬಾಯಲ್ಲಿ ಹೇಳಿ. ನಾವು ನಾಲ್ಕು ಹೆಂಗಸರು ಒಟ್ಟಾಗಿ ಹೋಗಿ ಹೇಳಿದ ಮರುದಿನ ಬೇಸಿನ್ ಮೇಲೆ ಹೊಸ ಸಾಬೂನು ಬಂದಿತ್ತು. ಆ ಹಳೆಯ ಟವೆಲ್ ಮಾತ್ರ ನಾವು ಬಿಡುಗಡೆಯಾಗುವವರೆಗೂ ಅಲ್ಲೇ ಇತ್ತು.

ಅತ್ತೆಯ ಮನಸ್ಸು ತಿಳಿಯಾಗಲು ನಾಲ್ಕು ದಿನ ಹಿಡಿಯಿತು. ನನ್ನ ಗುರುತು ಸಿಕ್ಕಾಗ ಮೊದಲು ಕೇಳಿದ್ದು, ದನ ಹೊರಗೆ ಹೋಯಿತಾ ಎಂದು. ಹೋಯಿತು ಎಂದೆ. ಈಗ ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಮನೆಗೆ ಬಂದ ಮೇಲೂ ಮೂರು ವಾರ ಡ್ರೆಸ್ಸಿಂಗ್ ಇತ್ತು, ಹಾಗಾಗಿ ಅವರ ಕೋಣೆಯ ಬಾಗಿಲಲ್ಲಿ ಒಂದು ಸ್ಟೂಲು, ನಲ್ಲಿಯಿರುವ ಡಬ್ಬ, ಬಲೆಯಲ್ಲಿ ಕಟ್ಟಿದ ಸಾಬೂನು ಇಟ್ಟಿದ್ದೆವು. ಹೊಲಿಗೆಯ ಸುತ್ತ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಚಳಿ ಜ್ವರ ಬಂದರೆ, ಮೂತ್ರ ಕದಡಿ ವಾಸನೆಯಾಗಿ ಉರಿ ಅಥವಾ ಹೊಟ್ಟೆನೋವು ಕಂಡರೆ, ಮಾತು ತಪ್ಪಿದರೆ ಕಾಯದೆ ತೋರಿಸಬೇಕೆಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅದನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೆ. ಸ್ಟೂಲು ಈಗಲೂ ಅಲ್ಲೇ ಇದೆ, ಮಕ್ಕಳು ಶಾಲೆಯಿಂದ ಬಂದವರು ಅಲ್ಲಿಯೇ ಕೈ ತೊಳೆದು ಅಜ್ಜಿಯ ಬಳಿ ಹೋಗುತ್ತಾರೆ.

ಮಲಗಿದಲ್ಲೇ ಇರುವವರಿಗೆ ಬರುವ ಬೆನ್ನಿನ ಹುಣ್ಣಿನ ಬಗ್ಗೆ ಹಲವು ಸಹೋದರಿಯರು ಪತ್ರ ಬರೆದಿದ್ದೀರಿ. ಅದು ಮುಂದಿನ ತಿಂಗಳು, ಇನ್‍ಶಾ ಅಲ್ಲಾಹ್.